ಸೊಖೊಮ್ ಅಜ್ಜಿಯ ಸಿಹಿಮಾತಿನ ದಿನ

ತಾಕೆಯೊ ಸೀಮೆಯ ತ್ರಪೆಯಾಂಗ್ ಸ್ವಾಯ್ ಗ್ರಾಮದ ನಾಯಿಗಳು ಬೊಗಳುವ ವಿದ್ಯೆಯನ್ನು ಸೊಖೊಮ್ ಅಜ್ಜಿಯಿಂದ ಕಲಿತವೆಂದು ಹೇಳುವವರಿದ್ದಾರೆ. ಇದು ಅತಿಶಯೋಕ್ತಿ. ಆದರೆ ಅಜ್ಜಿಯು ತನ್ನ ಕಂಬದ ಮನೆಯ ಏಣಿಯ ತುದಿಗೆ ಬಂದು, ಸೊಂಟಕ್ಕೆ ಚೌಕಳಿ ವಸ್ತ್ರವನ್ನು ಬಿಗಿದು, ಎಲೆಯಡಿಕೆಯ ಕವಳವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದಳೆಂದರೆ ಆ ನಾಯಿಗಳು ಬಾಲ ಮಡಚಿಕೊಂಡು ಹುಲ್ಲಿನ ಮೆದೆಯ ಹಿಂದೆ ಸೇರುತ್ತಿದ್ದುದು ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧವಾದ ಸಂಗತಿ. ಸೊಖೊಮ್ ಎಂದರೆ ಸೂಕ್ಷ್ಮ, ಕೋಮಲ ಎಂದು ಅರ್ಥ. ಹೆಸರಿಟ್ಟ ತಂದೆಯು ಆಗ ಮಗುವಿನ ಮುಖವನ್ನಷ್ಟೇ ನೋಡಿದ್ದನು. ಮಗು ಇನ್ನೂ ಮಾತನಾಡಿರಲಿಲ್ಲ.

ಇಂಥ ನಾಲಗೆಯ ಒಡತಿಗೆ ವಿಧಿಯು ಒಪ್ಪಿಸಿದ ವೃತ್ತಿಯಾದರೋ ಲೋಕದಲ್ಲೆಲ್ಲ ಅತ್ಯಂತ ಮೆದುಮಾತನ್ನು ಬೇಡುವಂಥದು. ಅವಳು ಹೆಪ್ಪುಂಡೆ ಮಾಡುವವಳು. ನೆನೆಸಿದ ಅಕ್ಕಿಯನ್ನು ಒರಳಿನಲ್ಲಿ ಕುಟ್ಟಿ ಹಿಟ್ಟುಮಾಡಿ, ಶುಂಠಿಯ ಜಾತಿಯ ದುಂಪರಾಸ್ಮೆ, ಬೆಳ್ಳುಳ್ಳಿ, ಹಿಪ್ಪಲಿ, ಮೆಣಸು, ಅತಿಮಧುರಗಳನ್ನು ಅರೆದು ಬೆರೆಸಿ, ನೆಲ್ಲಿಕಾಯಿಯ ಗಾತ್ರದ ಉಂಡೆಗಳಾಗಿ ಕಟ್ಟಿ, ಹಳೆಯ ಹೆಪ್ಪಿನ ಪುಡಿಯನ್ನು ಮೇಲೆ ಉದುರಿಸಿ, ಮೊರದಲ್ಲಿ ಹರಡಿದ ಭತ್ತದ ಹೊಟ್ಟಿನ ಮೇಲೆ ಮಲಗಿಸಿ ಬಟ್ಟೆ ಹೊದಿಸಿದರೆ, ಮೂರನೆಯ ಬೆಳಗಿನೊಳಗಾಗಿ ಅವುಗಳ ಮೈಯಲ್ಲಿ ಬಾತಿನ ಮರಿಯ ಮೈಯಂಥ ಬಿಳಿಯ ತುಪ್ಪಳ ಏಳಬೇಕು. ಆ ಉಂಡೆಯ ಪುಡಿಯನ್ನು ಬೆಂದ ಅಂಟಕ್ಕಿಗೆ ಚಿಮುಕಿಸಿ ಬಾಳೆಲೆಯಲ್ಲಿ ಕಟ್ಟಿಟ್ಟರೆ ತಪೆ ಎಂಬ ಜೇನೊಸರುವ ಸಿಹಿಯನ್ನ. ಗಡಿಗೆಯಲ್ಲಿ ತುಂಬಿ, ಕಾದು, ಭಟ್ಟಿಗೆ ಏರಿಸಿದರೆ, ಮದುವೆಯ ಮನೆಯಲ್ಲಿ ಪರಸ್ಪರ ಗುರುತಿಲ್ಲದವರು ತಬ್ಬಿಕೊಂಡು ಅಳುವಂತೆ ಮಾಡುವ ಬಿಳಿಯ ಮದ್ಯ. ಹದಿನಾಲ್ಕು ಊರುಗಳ ಭಟ್ಟಿಯವರು ಅಜ್ಜಿಯ ಉಂಡೆಗಳನ್ನಲ್ಲದೆ ಬೇರೆಯದನ್ನು ಮುಟ್ಟುತ್ತಿರಲಿಲ್ಲ.

ವಿದ್ಯೆಯನ್ನು ಕೊಟ್ಟ ಅತ್ತೆಯು ಅದರೊಡನೆ ನಿಯಮವನ್ನೂ ಕೊಟ್ಟಿದ್ದಳು. ಒನಕೆಯ ಮೊದಲನೆಯ ಪೆಟ್ಟಿನಿಂದ ಹಿಡಿದು ಬಿಳಿಯ ತುಪ್ಪಳ ಕಾಣುವವರೆಗೆ ಮಾಡುವವಳ ಬಾಯಿಂದ ಬಯ್ಗುಳ ಬರಕೂಡದು, ಶಾಪ ಬರಕೂಡದು. ಹುಳಿ, ಕೊಳೆ, ನಾತ ಎಂಬ ಮಾತುಗಳನ್ನು ಆಡಕೂಡದು. ಹೆಪ್ಪಿಗೆ ಕಿವಿಯುಂಟು, ಕೇಳಿಸಿಕೊಂಡರೆ ಮುನಿಯುತ್ತದೆ, ಮುನಿದರೆ ಹಸುರುಗಟ್ಟಿ ಸಾಯುತ್ತದೆ. ಸೊಖೊಮ್ ಹೊಸ ಸೊಸೆಯಾಗಿದ್ದಾಗ ಒಮ್ಮೆ ಮೊರಕ್ಕೆ ಬಾಯಿಹಾಕಲು ಬಂದ ಕೋಳಿಯನ್ನು "ಹಾಳಾದ್ದೇ" ಎಂದು ಕೂಗಿಬಿಟ್ಟಿದ್ದಳು. ಉಂಡೆಗಳೆಲ್ಲ ಹಸುರಾದುವು. ಅಂದು ಆಕಾಶ ಮೋಡಗಟ್ಟಿ ಥಂಡಿಯಿದ್ದುದನ್ನು ಅತ್ತೆಯಾಗಲಿ ಸೊಸೆಯಾಗಲಿ ಲೆಕ್ಕಕ್ಕೆ ತರಲಿಲ್ಲ. ಅಂದಿನಿಂದ ನಲವತ್ತೊಂದು ವರ್ಷಗಳ ಕಾಲ, ತಿಂಗಳಿಗೊಮ್ಮೆ, ಅಜ್ಜಿಯು ಆ ನಿಯಮವನ್ನು ಅಷ್ಟಶೀಲದಂತೆ ಪಾಲಿಸಿಕೊಂಡು ಬಂದಿದ್ದಳು.

ಹೆಪ್ಪು ಕಟ್ಟುವ ಮುಂಜಾನೆ ಅವಳು ಏಣಿಯ ಕಾಲಿಗೆ ಬಿಳಿಯ ಚಿಂದಿಯೊಂದನ್ನು ಕಟ್ಟುತ್ತಿದ್ದಳು. ಜನರು ಅದನ್ನು ಕಂಡು ದೂರವಿರಲಿ ಎಂಬುದು ಅವಳ ಸಂಕಲ್ಪ. ನಡೆಯುತ್ತಿದ್ದುದು ವಿಪರೀತ. ಚಿಂದಿ ಕಂಡಿತೆಂದರೆ, ತಿಂಗಳಿಡೀ ಅವಳ ಬೇಲಿಯ ಹತ್ತಿರ ಸುಳಿಯದವರೆಲ್ಲ ಸಾಲುಗಟ್ಟಿ ಬರುತ್ತಿದ್ದರು. ಅವಳ ಮಾವು ಕದ್ದವನು ಒಪ್ಪಿಕೊಳ್ಳಲು ಬರುತ್ತಿದ್ದನು. ಒಡೆದ ಗಡಿಗೆಯನ್ನು ಹಿಂದಿರುಗಿಸಲು ಒಬ್ಬಳು, ಒಡೆಯದ ಗಡಿಗೆಯನ್ನು ಕೇಳಲು ಇನ್ನೊಬ್ಬಳು. ಎಲ್ಲರಿಗೂ ಅಜ್ಜಿಯು "ಆಗಲಿ ಕಂದಾ", "ಪರವಾಗಿಲ್ಲ ಮಗಾ" ಎನ್ನುತ್ತಿದ್ದಳು. ಹಾಗೆನ್ನುವಾಗ ಒನಕೆಯು ಒರಳಿಗೆ ಬೀಳುವ ಸದ್ದು ಎಂದಿಗಿಂತ ಜೋರಾಗಿರುತ್ತಿತ್ತು; ಅಜ್ಜಿಯ ಹಿಟ್ಟು ಬೇರೆಲ್ಲಿಯೂ ಸಿಗದಷ್ಟು ನಯವೆಂಬ ಖ್ಯಾತಿಗೆ ಇದೇ ಕಾರಣವೆಂದು ಬಲ್ಲವರು ಹೇಳುತ್ತಾರೆ.

ನಾನು ಹೇಳಹೊರಟದ್ದು ಅವಳ ಮೊಮ್ಮಗಳು ಕೆಸೊರಳ ಮದುವೆಯ ಮುಂಚಿನ ಹೆಪ್ಪಿನ ಸಂಗತಿ. ವರನ ತಾತ ಸಾರುನ್ ಎಂಬಾತನು ಆಚೆಯ ಊರಿನ ಭಟ್ಟಿಯವನು. ಎಪ್ಪತ್ತು ವರ್ಷಗಳಿಂದ ಮೂಗು ಮತ್ತು ನಾಲಗೆಗಳನ್ನಲ್ಲದೆ ಬೇರೆ ಯಾವ ಇಂದ್ರಿಯವನ್ನೂ ನಂಬದವನು. ಮಾತುಕತೆಯ ದಿನ ಅವನು ಅಡಕೆ ಕತ್ತರಿಸುತ್ತ, "ಹುಡುಗಿ ಮುಖ ನಮ್ಮ ಹುಡುಗ ನೋಡ್ಕೊಳ್ಳಲಿ. ನಾನು ಮದುವೆ ದಿನ ಒಂದು ಬಟ್ಟಲು ಕುಡೀತೀನಿ. ಆ ಮನೆ ಹೆಂಗಸರು ಎಂಥವರು ಅಂತ ಆಗ ಹೇಳ್ತೀನಿ" ಎಂದಿದ್ದನು. ಅಜ್ಜಿಗೆ ಅಂದಿನಿಂದ ಎದೆಯಲ್ಲಿ ಮುಳ್ಳು. ಇನ್ನೂರು ಜನರ ಮುಂದೆ ಆ ಮುದುಕನು ಬಟ್ಟಲನ್ನು ಕೆಳಗಿಟ್ಟು ಮುಖ ಕಿವುಚಿದನೆಂದರೆ, ಕೆಸೊರ್ ಆ ಮನೆಯಲ್ಲಿ ಮುದುಕಿಯಾಗುವವರೆಗೂ ಆ ಮುಖವನ್ನೇ ನೋಡಬೇಕು. ಸಾಲದೆಂಬಂತೆ, ಬೀಜಕ್ಕೆಂದು ಇಟ್ಟಿದ್ದ ಹಳೆಯ ಹೆಪ್ಪನ್ನು ಇಲಿಗಳು ತಿಂದು, ಒಂದೇ ಒಂದು ಕಟ್ಟಿಗಾಗುವಷ್ಟು ಉಳಿಸಿದ್ದುವು. ಮದುವೆಗೆ ಇಪ್ಪತ್ತೆರಡು ದಿನ. ಕೆಟ್ಟರೆ ಮತ್ತೊಮ್ಮೆ ಮಾಡಲು ಬೀಜವೂ ಇಲ್ಲ, ಸಮಯವೂ ಇಲ್ಲ.

"ಅಜ್ಜೀ, ಇವತ್ತೊಂದು ದಿನ ಕಿವಿಗೆ ಹತ್ತಿ ಇಟ್ಕೋ," ಎಂದಳು ಕೆಸೊರ್, ಅಕ್ಕಿಯನ್ನು ಒರಳಿಗೆ ಸುರಿಯುತ್ತ.

"ಕಿವಿಗೆ ಇಟ್ರೆ ಏನು ಬಂತು? ಬಾಯಿಗೆ ಇಡಬೇಕು," ಎಂದು ಅಜ್ಜಿ ಒನಕೆಯನ್ನು ಎತ್ತಿದಳು. ಮೊದಲನೆಯ ಪೆಟ್ಟು ಬಿದ್ದಿತು. ಬೇಲಿಯ ಆಚೆಯಿಂದ ಕೆಮ್ಮು ಕೇಳಿಸಿತು.

ಬಂದವನು ನೆರೆಮನೆಯ ತೋಲ್. ಕೈಗಳನ್ನು ಹಣೆಯವರೆಗೆ ಜೋಡಿಸಿದ್ದನು; ಅಷ್ಟು ಎತ್ತರದ ನಮಸ್ಕಾರವು ಭಿಕ್ಷುಗಳಿಗೆ ಸಲ್ಲತಕ್ಕದ್ದು.

"ಅಜ್ಜೀ, ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀನಿ ಕಂದಾ. ನೀನು?"

"ನಾನೂ ಚೆನ್ನಾಗಿದ್ದೀನಿ. ನಮ್ಮ ಎತ್ತೂ ಚೆನ್ನಾಗಿದೆ. ತುಂಬಾನೇ ಚೆನ್ನಾಗಿದೆ. ಹೊಟ್ಟೆ ತುಂಬಿ ಮಲಗಿದೆ."

ಅಜ್ಜಿಯ ಒನಕೆ ಗಾಳಿಯಲ್ಲಿ ನಿಂತಿತು. "ಏನು ತಿಂತಪ್ಪಾ, ಪಾಪ?"

"ನಿಮ್ಮ ಮಜ್ಜಿಗೆಹುಲ್ಲು."

"ಎಲ್ಲಾನಾ?"

"ಛೆ ಛೆ, ಎಲ್ಲಾ ಎಲ್ಲಿ? ಅರ್ಧಕ್ಕೇ ಬೇಜಾರಾಯ್ತು ಅದಕ್ಕೆ. ಆಮೇಲೆ ದುಂಪರಾಸ್ಮೆ ಮಡಿ ಕಡೆ ಹೋಯ್ತು."

ಒನಕೆಯು ಬಿದ್ದ ರಭಸಕ್ಕೆ ಒರಳು ನೆಲದಲ್ಲಿ ಒಂದು ಅಂಗುಲ ಇಳಿಯಿತು. "ಹಸಿದಿರುತ್ತೆ ಬಿಡು," ಎಂದಳು ಅಜ್ಜಿ, ಹಲ್ಲುಗಳ ನಡುವಿನಿಂದ ಒಂದೊಂದೇ ಅಕ್ಷರವನ್ನು ಬಿಡುತ್ತ. "ಮೂಕಪ್ರಾಣಿ. ಅದಕ್ಕೇನು ಗೊತ್ತು. ಕಟ್ಟಿ ಹಾಕ್ಬೇಕಾದವನಿಗೂ... ಏನು ಗೊತ್ತು. ಹೋಗಿ ಬಾ ಕಂದಾ."

"ನೀವು ದೇವತೆ ಅಜ್ಜೀ!" ಎಂದು ತೋಲ್ ಓಡಿದನು. ಓಡುವಾಗ ಬೇಲಿಯ ಒಂದು ಗೂಟವನ್ನು ಕಿತ್ತುಕೊಂಡೇ ಹೋದನು. ಅದಕ್ಕಾಗಿ ಮರಳಿ ಬಂದು ಮತ್ತೊಮ್ಮೆ ಕ್ಷಮೆ ಕೇಳಿದನು.

ಎರಡನೆಯವಳು ರೆನ್. ಹೆದ್ದಾರಿಯ ಬಸ್ಸಿನ ತಂಗುದಾಣದಲ್ಲಿ ತಲೆಯ ಮೇಲೆ ತಟ್ಟೆ ಹೊತ್ತು, ಪ್ರಯಾಣಿಕರಿಗೆ ತಪೆಯ ಬಾಳೆಲೆ ಪೊಟ್ಟಣಗಳನ್ನು ಮಾರುವವಳು. ಅವಳು ಬಂದವಳೇ ಒರಳಿನ ಬಳಿ ಕುಳಿತು ಒಂದು ಪರದೇಶಿಯ ಕಥೆಯನ್ನು ತೆಗೆದಳು.

"ಅಜ್ಜೀ, ಮೊನ್ನೆ ಒಬ್ಬ ಬಂದಿದ್ದ, ತಾಳೆಮರದಷ್ಟು ಉದ್ದ. ಮೊದಲನೇ ತಪೆ ಎಲೆ ಸಮೇತ ತಿಂದ. ರುಚಿ ಚೆನ್ನಾಗಿದೆ, ನಾರು ಜಾಸ್ತಿ ಅಂದ. ಎಲೆ ಬಿಚ್ಚಿ ತೋರ್ಸಿದೆ. ಆಮೇಲೆ ಹನ್ನೆರಡು ತಿಂದ! ಬಸ್ ಹತ್ತಿ ನಿದ್ದೆ ಹೋದವನು, ಬಸ್ಸು ಕಾಂಪೋಟಿಗೆ ಹೋಗಿ, ತಿರುಗಿ ಬಂದು, ನಮ್ಮ ಹತ್ರಾನೇ ನಿಂತಾಗ ಎದ್ದ. ಇಳಿದು, ಓ, ಕಾಂಪೋಟಲ್ಲೂ ಇದೇ ತಿಂಡಿ ಸಿಗುತ್ತಾ ಅಂತ ಖುಷಿಪಟ್ಟು ಮತ್ತೆ ಆರು ತಗೊಂಡ. ನಿಮ್ಮ ಅಕ್ಕ ಅಲ್ಲೂ ಮಾರ್ತಾರೆ, ಥೇಟ್ ನಿಮ್ಮ ಥರಾನೇ ಇದ್ದಾರೆ ಅಂದ ನಂಗೆ!"

ಅಜ್ಜಿಗೆ ನಗು ಬಂದಿತು. "ನನ್ನ ಹೆಪ್ಪು ಅಂದ್ರೆ ಏನು ಅಂದ್ಕೊಂಡೆ?"

"ಹೂಂ. ಅದು ನಿಮ್ಮ ಹೆಪ್ಪೇ." ರೆನ್ ನೆಲವನ್ನು ಗೀರುತ್ತ ಕುಳಿತಳು. "ಮಿಕ್ಕ ತಪೇಗೆ ಪೇಟೆ ಪೊಟ್ಟಣದ ಹೆಪ್ಪು. ಎರಡು ತಿಂಗಳಿಂದ ಅರ್ಧಕ್ಕರ್ಧ ಬೆರೆಸ್ತಾ ಇದ್ದೆ. ಆ ತಪೆ ತಿಂದೋರು ಕಾಂಪೋಟ್ ಮುಟ್ಟೋ ಮುಂಚೇನೇ ಬಸ್ ನಿಲ್ಲಿಸಿ ಪೊದೆ ಹಿಂದೆ ಓಡಿದ್ರಂತೆ. ಡ್ರೈವರ್ ಬಂದು, ಯಾರ ಹೆಪ್ಪು ಇದು ಅಂತ ಗಲಾಟೆ ಮಾಡ್ದ."

"ಏನು ಹೇಳ್ದೆ?"

"ನಿಮ್ಮ ಹೆಸರು ಬಾಯಿಗೆ ಬಂದ್ಬಿಡ್ತು ಅಜ್ಜೀ."

ಅಜ್ಜಿಯು ಕಣ್ಣು ಮುಚ್ಚಿದಳು. ಅವಳ ಕೊರಳಿನ ನರಗಳು ಎದ್ದು ನಿಂತುವು. ಕೆಸೊರ್ ಓಡಿಬಂದು ಅಜ್ಜಿಯ ಬಾಯಿಗೆ ಒಂದು ಕವಳವನ್ನು ತುರುಕಿದಳು. ಅದು ಸಾಲದೆಂದು ಇನ್ನೊಂದನ್ನೂ ತುರುಕಿದಳು. ಎರಡು ಕವಳಗಳ ಹಿಂದಿನಿಂದ ಬಹಳ ಹೊತ್ತಿನ ಮೇಲೆ ಒಂದು ಧ್ವನಿ ಬಂದಿತು. "ಸುಖವಾಗಿರು ತಾಯೀ."

ಮೂರನೆಯವರು ಆಚಾರ್ ನೊಪ್. ಊರಿನ ವಿಹಾರದಲ್ಲಿ ಗೃಹಸ್ಥರ ಪೂಜಾವಿಧಿಗಳನ್ನು ನಡೆಸುವ ಹಿರಿಯರು, ಶೀಲವಂತರು, ಬಿಳಿಯ ಅಂಗಿಯವರು. ಪಂಚಶೀಲಗಳಲ್ಲಿ ಐದನೆಯದಾದ ಸುರಾವಿರತಿಯ ಮೇಲೆ ಅವರಿಗೆ ವಿಶೇಷವಾದ ಶ್ರದ್ಧೆ. ಉಳಿದ ದಿನಗಳಲ್ಲಿ ಅವರು ಆ ವಿಷಯವನ್ನು ಎತ್ತಿದರೆ ಅಜ್ಜಿಯು, "ನಿಮ್ಮ ಮಗನ ಮದುವೇಲಿ ಏನು ಎಳನೀರು ಹಂಚಿದ್ರಾ?" ಎಂದು ಆರಂಭಿಸಿ ಅವರ ಮೂರು ತಲೆಮಾರುಗಳ ಪಾನಚರಿತ್ರೆಯನ್ನು ಊರಿಗೆಲ್ಲ ಕೇಳುವಂತೆ ನಿರೂಪಿಸುತ್ತಿದ್ದಳು. ಆದ್ದರಿಂದ ಆಚಾರ್ಯರು ಈ ಉಪದೇಶವನ್ನು ಹೆಪ್ಪಿನ ದಿನಕ್ಕೇ ಮೀಸಲಾಗಿರಿಸಿದ್ದರು. ಬಿದಿರಿನ ಮಂಚದ ಮೇಲೆ ಪದ್ಮಾಸನದಲ್ಲಿ ಕುಳಿತು, ಮದ್ಯದಿಂದ ಪ್ರಜ್ಞೆಯು ಹೇಗೆ ಕೆಡುವುದು, ಪ್ರಜ್ಞೆ ಕೆಟ್ಟವನು ಸತ್ತಮೇಲೆ ಯಾವ ಯಾವ ಯೋನಿಗಳಲ್ಲಿ ಹುಟ್ಟುವನು, ಅವನಿಗೆ ಹೆಪ್ಪನ್ನು ಒದಗಿಸಿದವಳು ಎಷ್ಟು ಜನ್ಮ ಕಪ್ಪೆಯಾಗುವಳು ಎಂಬುದನ್ನು ಒಂದು ಗಳಿಗೆಯ ಕಾಲ ವಿವರಿಸಿದರು.

"ಸಾಧು, ಸಾಧು," ಎಂದಳು ಅಜ್ಜಿ, ಉಂಡೆಗಳನ್ನು ಕಟ್ಟುತ್ತ. ಆ ಉಂಡೆಗಳಲ್ಲಿ ನಾಲ್ಕೈದು ಅವಳ ಮುಷ್ಟಿಯಲ್ಲಿ ಚಪ್ಪಟೆಯಾದುವು.

"ಕಪ್ಪೆ ಅಂದ್ರೆ ಬರೀ ಕಪ್ಪೆ ಅಲ್ಲ," ಎಂದರು ಆಚಾರ್. "ಬಾಯಿಲ್ಲದ ಕಪ್ಪೆ."

"ಸಾ... ಧು."

"ಹಾಂ, ನಿನ್ನೆ ಹೊಟ್ಟೆ ಸ್ವಲ್ಪ ಸರಿಯಿರಲಿಲ್ಲ. ತಪೆ ಇದ್ರೆ ಎರಡು ಕೊಡು. ಔಷಧಿಗೆ." ಎಂದು ನಾಲ್ಕನ್ನು ತೆಗೆದುಕೊಂಡು ಅವರು ಏಳುವುದರಲ್ಲಿದ್ದರು. ಅಷ್ಟರಲ್ಲಿ ಕೊಳದ ಏರಿಯ ಮೇಲೆ ಒಂದು ಆಕೃತಿ ಕಂಡಿತು. ಆಚಾರ್ಯರು ಎದ್ದವರು ಮತ್ತೆ ಕುಳಿತರು. ಗೂಟ ನೆಡುತ್ತಿದ್ದ ತೋಲ್ ಕೈಯನ್ನು ತಡೆದನು. ಹೊರಟಿದ್ದ ರೆನ್ ಬೇಲಿಯ ಬಳಿಯೇ ನಿಂತಳು.

ಬರುತ್ತಿದ್ದವಳು ಸೆಮ್ ಅಜ್ಜಿ; ಕೈಯಲ್ಲಿ ಮುಚ್ಚಿದ ಬಟ್ಟಲು. ಕೊಳದ ಆಚೆಯ ದಡದಲ್ಲಿ ಅವಳ ಮನೆ. ಹುಣಸೆಯ ಚಿಗುರು ಹಾಕಿ ಅವಳು ಮಾಡುವ ಮೀನಿನ ಹುಳಿಸಾರು ಸುತ್ತಲ ಊರುಗಳಲ್ಲಿ ಪ್ರಸಿದ್ಧ. ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಕೊಯ್ಲಿನ ಊಟದಲ್ಲಿ ಸೊಖೊಮ್ ಅಜ್ಜಿಯ ಗಂಡನು ಆ ಸಾರನ್ನು ಕುಡಿದು, ಎಲ್ಲರ ಎದುರಿಗೆ, "ಆಹಾ!" ಎಂದಿದ್ದನು. ಹೆಂಡತಿಯ ಸಾರಿಗೆ ಅವನು ಜನ್ಮದಲ್ಲಿ ಆಹಾ ಎಂದವನಲ್ಲ. ಅಂದಿನಿಂದ ಇಬ್ಬರು ಹೆಂಗಸರಿಗೂ ಮಾತಿಲ್ಲ. ಗಂಡನು ಜ್ವರದಲ್ಲಿ ತೀರಿಕೊಂಡು ಏಳು ವರ್ಷಗಳಾಗಿದ್ದರೂ ಆ 'ಆಹಾ' ಇನ್ನೂ ಜೀವಂತವಾಗಿತ್ತು.

ಸೆಮ್ ಅಜ್ಜಿ ಬಂದು, ಏದುಸಿರು ಬಿಡುತ್ತ ಮಂಚದ ಅಂಚಿಗೆ ಕುಳಿತು, ಬಟ್ಟಲನ್ನು ಮುಂದಿಟ್ಟಳು. "ಮದುವೆ ಮನೆ. ಬರಿಗೈಲಿ ಬರಬಾರ್ದು ಅಂತ ತಂದೆ. ಕುಡಿಯೇ."

ನಿರಾಕರಣವು ಕಠಿನವಾಕ್ಯಕ್ಕೆ ಸಮಾನ. ಅಜ್ಜಿಯು ಹಿಟ್ಟಿನ ಕೈಯನ್ನು ಒರಸಿಕೊಂಡು ಒಂದು ಗುಟುಕು ಕುಡಿದಳು. ಹುಣಸೆಯ ಚಿಗುರು ಅವಳ ಎಡಗಣ್ಣನ್ನು ತಾನಾಗಿಯೇ ಮುಚ್ಚಿಸಿತು.

"ಹೇಗಿದೆ?"

ಆ ಸಾರಿಗೆ ಇರುವುದು ಒಂದೇ ಗುಣ. ಅದರ ಹೆಸರನ್ನು ಉಚ್ಚರಿಸುವಂತಿಲ್ಲ.

"ಚುರುಕಾಗಿದೆ," ಎಂದಳು ಅಜ್ಜಿ.

"ಚುರುಕು ಅಂದ್ರೆ?"

"ಹಲ್ಲಿಗೆ ಎಚ್ಚರ ಆಗುತ್ತೆ."

"ಚಿಗುರು ಸಾಲದೇನೋ ಅನ್ನಿಸ್ತು ನಂಗೆ."

"ಸಾಕಾಗಿದೆ. ಸಾಕಾಗಿ, ಮಿಕ್ಕು, ಪಕ್ಕದೂರಿಗೂ ಆಗುತ್ತೆ."

ತೋಲ್ ಬೇಲಿಯ ಹಿಂದೆ ಬಾಯಿಗೆ ಬಟ್ಟೆ ತುರುಕಿಕೊಂಡನು. ಸೆಮ್ ಅಜ್ಜಿ ನಗಲಿಲ್ಲ. ಅವಳು ಚೌಕಳಿ ವಸ್ತ್ರದ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕುಳಿತಿದ್ದಳು.

"ಸೊಖೊಮ್, ನಂಗೂ ವಯಸ್ಸಾಯ್ತು. ಒಂದು ವಿಷಯ ಹೇಳಿ ಹಗುರ ಆಗ್ಬೇಕು. ಬೇರೆ ದಿನ ಬಂದಿದ್ರೆ ನನ್ನ ತಲೆ ಕತ್ತಿನ ಮೇಲೆ ಇರ್ತಿರಲಿಲ್ಲ. ಅದಕ್ಕೇ ಇವತ್ತು ಬಂದೆ. ನಿನ್ನ ಗಂಡ ಶೀಲದ ದಿನ ಎಲ್ಲಾ ವಿಹಾರಕ್ಕೆ ಅಂತ ಹೊರಡ್ತಿದ್ದ ನೋಡು?"

"ಹೂಂ. ಧರ್ಮದಲ್ಲಿ ಶ್ರದ್ಧೆ ಇತ್ತು ಅವರಿಗೆ."

"ವಿಹಾರಕ್ಕೆ ಬರ್ತಿರಲಿಲ್ವಲ್ಲ?" ಎಂದರು ಆಚಾರ್ ನೊಪ್, ತಮಗರಿಯದೆ.

"ನಮ್ಮನೆ ಮೆದೆ ಹಿಂದೆ ಬರ್ತಿದ್ದ," ಎಂದಳು ಸೆಮ್ ಅಜ್ಜಿ. "ಕೂತು ಮೂರು ಬಟ್ಟಲು ಕುಡಿದು ಹೋಗ್ತಿದ್ದ. ಹನ್ನೆರಡು ವರ್ಷ. ಬರೀ ಸಾರು ಕಣೇ! ಬುದ್ಧನಾಣೆ, ಸಾರು ಬಿಟ್ಟು ಬೇರೇನೂ ಇಲ್ಲ!"

ಸೊಖೊಮ್ ಅಜ್ಜಿಯು ಎದ್ದು ನಿಂತಳು. ಅವಳ ಮುಖವು ಮೊದಲು ಕೆಂಪಗೆ, ಆಮೇಲೆ ನೇರಳೆಗೆ, ಆಮೇಲೆ ಹೆಸರಿಲ್ಲದ ಒಂದು ಬಣ್ಣಕ್ಕೆ ತಿರುಗಿತು. ಕೆಸೊರ್ ಕವಳದ ಡಬ್ಬಿಯನ್ನೇ ಹಿಡಿದು ಓಡಿಬಂದಳು, ತಡವಾಗಿತ್ತು.

"ಬೇರೇನಾದ್ರೂ ಇದ್ದಿದ್ರೆ ಕ್ಷಮಿಸ್ಬಿಡ್ತಿದ್ದೆ! ಸಾರಾ? ಸಾರು ಕುಡಿಯೋಕೆ ಹೋಗಿದ್ನಾ? ಹನ್ನೆರಡು ವರ್ಷ ನಾನು ಅವನ ಬಿಳಿ ಅಂಗಿ ಒಗೆದು ಮಡಚಿ ಕೊಟ್ಟೆನಲ್ಲೇ, ಪುಣ್ಯ ಬರುತ್ತೆ ಅಂತ! ನಿನ್ನ ಸಾರು ಹುಳಿ! ಹುಳಿ, ಹುಳಿ, ಹುಳಿ! ಕತ್ತೆ ಕುಡಿದ್ರೆ ಕಿವಿ ಉದುರುತ್ತೆ, ಅಷ್ಟು ಹುಳಿ! ನಿನ್ನ ಮೆದೆ ಕೊಳೀಲಿ, ನಿನ್ನ ಗಡಿಗೆ ಒಡೀಲಿ! ಏಯ್ ತೋಲ್, ಅಲ್ಲೇನು ಕಿಸೀತೀಯ? ನಿನ್ನ ಎತ್ತಿಗೆ ಕಟ್ಟೋ ಹಗ್ಗ ಮೊದಲು ನಿನ್ನ ಕಾಲಿಗೆ ಕಟ್ಕೋ! ದುಂಪರಾಸ್ಮೆ ತಿಂದಿದೆಯಲ್ಲ, ಇನ್ನೊಂದು ವಾರ ಅದರ ಹಿಂದೆ ನಿಂತ್ಕೋಬೇಡ, ಹಾರಿ ಕಾಂಪೋಟಿಗೆ ಬೀಳ್ತೀಯ! ರೆನ್, ಪೊದೆ ಹಿಂದೆ ಓಡಿದೋರ ಬಾಯಲ್ಲಿ ನನ್ನ ಹೆಸರಾ? ನೀನೇ ಆ ತಪೆ ತಿನ್ನು, ನೀನೇ ಪೊದೆ ಹುಡುಕು! ಮತ್ತೆ ನೀವು, ಆಚಾರ್ಯರೇ! ಬಾಯಿಲ್ಲದ ಕಪ್ಪೆನಾ ನಾನು? ಮುಂದಿನ ಜನ್ಮದಲ್ಲಿ ಕಪ್ಪೆ ಆದ್ರೆ ನಿಮ್ಮ ಮಂಚದ ಕೆಳಗೇ ಹುಟ್ತೀನಿ, ರಾತ್ರಿಯೆಲ್ಲಾ ವಟವಟ ಅಂತೀನಿ, ನೋಡೋಣ ಯಾರಿಗೆ ಬಾಯಿಲ್ಲ ಅಂತ! ಇಡ್ರೀ ಆ ನಾಲ್ಕು ತಪೆ ಕೆಳಗೆ!"

ಆಚಾರ್ಯರು ಇಟ್ಟರು. ಮೂರನ್ನಿಟ್ಟು ಅಜ್ಜಿಯ ಕಣ್ಣನ್ನು ಕಂಡು ನಾಲ್ಕನೆಯದನ್ನೂ ಇಟ್ಟರು.

ಕೊಳದ ಬಾತುಗಳು ಕೂಡ ಈಜುವುದನ್ನು ನಿಲ್ಲಿಸಿದ್ದುವು. ಎಲ್ಲರ ದೃಷ್ಟಿಯೂ ನಿಧಾನವಾಗಿ ಮೊರದ ಕಡೆಗೆ ಹೊರಳಿತು. ಹೊಟ್ಟಿನ ಮೇಲೆ ಮುನ್ನೂರು ಉಂಡೆಗಳು, ತೆರೆದ ಮೈಯಲ್ಲಿ, ಎಲ್ಲವನ್ನೂ ಕೇಳಿಸಿಕೊಂಡು ಮಲಗಿದ್ದುವು. ಕೆಸೊರ್ ಬಟ್ಟೆಯನ್ನು ಹೊದಿಸಿ, ಮುಖ ಮುಚ್ಚಿಕೊಂಡು ಅತ್ತಳು. ಅಜ್ಜಿಯು ಏಣಿಯನ್ನು ಹತ್ತಿ ಒಳಗೆ ಹೋಗಿ ಗೋಡೆಯ ಕಡೆಗೆ ಮುಖಮಾಡಿ ಮಲಗಿದಳು.

ಆ ದಿನವೂ ಮರುದಿನವೂ ಅವಳ ಮನೆಯಿಂದ ಒಂದು ಮಾತು ಹೊರಬರಲಿಲ್ಲ. ಊರಿಗೆ ಇದು ಸಹಿಸಲಸಾಧ್ಯವಾಯಿತು. ಬಯ್ಗುಳವಿಲ್ಲದೆ ಜನರಿಗೆ ಹೊತ್ತು ಗೊತ್ತಾಗಲಿಲ್ಲ; ಅಕ್ಕಿ ಒಲೆಯ ಮೇಲೆ ಸೀದುಹೋಯಿತು; ನಾಯಿಗಳು ಮೆದೆಯ ಹಿಂದಿನಿಂದ ಬಂದು ಏಣಿಯ ಬುಡದಲ್ಲಿ ಕುಳಿತು ಮೇಲೆ ನೋಡತೊಡಗಿದುವು. ತೋಲ್ ತನ್ನ ಎತ್ತಿಗೆ ಬುದ್ಧಿ ಹೇಳಿದನು. ರೆನ್ ಪೇಟೆಯ ಪೊಟ್ಟಣಗಳನ್ನೆಲ್ಲ ಕೊಳಕ್ಕೆ ಎಸೆದಳು. ಮೀನುಗಳು ಎರಡು ದಿನ ತೇಲಾಡುತ್ತ ಅಡ್ಡಾದಿಡ್ಡಿಯಾಗಿ ಈಜಿದುವು. ಆಚಾರ್ ನೊಪ್ ಅವರಿಗೆ ಮಾತ್ರ ನಿಜವಾದ ಪಶ್ಚಾತ್ತಾಪ ಉಂಟಾಯಿತು. ಶೀಲವನ್ನು ಬೋಧಿಸುವವನು ಎದುರಾಳಿಯ ಬಾಯಿ ಕಟ್ಟಿದ ದಿನವನ್ನೇ ಆರಿಸಿಕೊಳ್ಳುವುದು ಶೂರತ್ವವಲ್ಲವೆಂದು ಅವರ ಅಂತರಂಗವು ಹೇಳಿತು. ಅವರು ಬಿಳಿಯ ಅಂಗಿಯಲ್ಲಿ ಬಂದು, ಮೊರದ ಮುಂದೆ ಊದುಬತ್ತಿ ಹಚ್ಚಿ ಕುಳಿತು, ಆಪತ್ತಿನಲ್ಲಿರುವವರ ಸಲುವಾಗಿ ಹೇಳುವ ರಕ್ಷಾಸೂತ್ರಗಳನ್ನು ಎರಡು ದಿನ ಶ್ರದ್ಧೆಯಿಂದ ಪಠಿಸಿದರು. ರಕ್ಷಿಸಬೇಕಾದ ವಸ್ತುವು ಏನೆಂಬುದು ಭಕ್ತಿಯ ಭರದಲ್ಲಿ ಅವರಿಗೆ ಹೊಳೆಯಲಿಲ್ಲ.

ಮೂರನೆಯ ಬೆಳಗ್ಗೆ ಅಜ್ಜಿಯು ಒಬ್ಬಳೇ ಕೆಳಗಿಳಿದು ಬಂದಳು. ಅಂಗಳದಲ್ಲಿ ಊರೇ ನೆರೆದಿದ್ದಿತು. ತೋಲ್ ದುಂಪರಾಸ್ಮೆಯ ಸಸಿಗಳ ಹೊರೆಯನ್ನು ಹಿಡಿದು ನಿಂತಿದ್ದನು. ಸೆಮ್ ಅಜ್ಜಿಯು ಎಲ್ಲರಿಗಿಂತ ಹಿಂದೆ, ಕೊಳದ ಕಡೆಗೆ ಓಡಲು ಅನುಕೂಲವಾಗುವಂತೆ ಕುಳಿತಿದ್ದಳು. ಅಜ್ಜಿಯು ಅವರಿಗೆ ಬೆನ್ನುಮಾಡಿ ಮೊರದ ಮೇಲೆ ಬಾಗಿ, ಬಟ್ಟೆಯ ಒಂದು ಅಂಚನ್ನು ಎತ್ತಿದಳು.

ಉಂಡೆಗಳು ಬೆಳ್ಳಗಿದ್ದುವು. ಹಾಗೆಂದರೆ ಸಾಲದು. ನಲವತ್ತೊಂದು ವರ್ಷಗಳಲ್ಲಿ ಅಂಥ ತುಪ್ಪಳವನ್ನು ಅವಳು ಕಂಡಿರಲಿಲ್ಲ; ಮುನ್ನೂರು ಮರಿಬಾತುಗಳು ಒತ್ತಾಗಿ ಮಲಗಿದಂತೆ ಉಬ್ಬಿ, ಮಾಗಿದ ಹಲಸಿನ ಪರಿಮಳವನ್ನು ಬೀರುತ್ತಿದ್ದುವು. ಕಟುವಾಕ್ಯಗಳನ್ನು ಕೇಳಿ ಅವು ಮುನಿಯಲಿಲ್ಲ. ಬಹುಶಃ ಅವಕ್ಕೂ ಬಹಳ ದಿನದಿಂದ ಬೇಸರವಾಗಿತ್ತು.

ಅಜ್ಜಿಯ ಮನಸ್ಸಿನಲ್ಲಿ ಮೊದಲು ಎದ್ದದ್ದು ಹರ್ಷ. ಕೆಸೊರಳ ಮಾನ ಉಳಿಯಿತು. ಅದರ ಬೆನ್ನಿಗೇ ಒಂದು ಭಯಂಕರವಾದ ಅರಿವು ಎದ್ದಿತು. ಹೆಪ್ಪಿಗೆ ಕಿವಿಯಿಲ್ಲ! ನಲವತ್ತೊಂದು ವರ್ಷ ನುಂಗಿದ ಬಯ್ಗುಳಗಳೆಲ್ಲ ವ್ಯರ್ಥ! ಎಂತೆಂಥ ಬಯ್ಗುಳಗಳು! ಮಾವಿನ ಕಳ್ಳನಿಗೆಂದು ಹೊಳೆದದ್ದು ಒಂದಿತ್ತು. ಅಂಥದು ಮತ್ತೆ ಹೊಳೆಯಲಾರದು. ಬಟ್ಟೆಯನ್ನು ಕಿತ್ತೊಗೆದು, ತಿರುಗಿ ನಿಂತು, ಬಾಕಿಯೆಲ್ಲವನ್ನೂ ಒಂದೇ ಉಸಿರಿನಲ್ಲಿ ತೀರಿಸಿಬಿಡಬೇಕೆಂದು ಅವಳು ಬಾಯಿ ತೆರೆದಳು.

ತಿರುಗಿ ನೋಡಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಇಷ್ಟು ಜನ ಅವಳ ಅಂಗಳಕ್ಕೆ ಬರುವುದು ಹೆಪ್ಪಿನ ದಿನ ಮಾತ್ರ. ಉಳಿದ ದಿನಗಳಲ್ಲಿ ಬರುವುದು ಕೋಳಿ. ಹೆಪ್ಪಿಗೆ ಕಿವಿಯಿಲ್ಲವೆಂದು ಗೊತ್ತಾದರೆ ನಾಳೆಯಿಂದ ಕೋಳಿಯೂ ಯೋಚಿಸಿ ಬರುವುದು. ಅಜ್ಜಿಯು ತೆರೆದ ಬಾಯನ್ನು ಮುಚ್ಚಿದಳು; ಬಟ್ಟೆಯನ್ನೂ ಮುಚ್ಚಿದಳು.

"ಬದುಕಿದೆ," ಎಂದಳು, ಕ್ಷೀಣವಾದ ಧ್ವನಿಯಲ್ಲಿ. "ಹೋಗೇ ಹೋಗಿತ್ತು. ಅಂಚೆಲ್ಲಾ ಹಸಿರು ತಿರುಗಿತ್ತು. ಆಚಾರ್ಯರ ಸೂತ್ರ ಕೇಳಿ ವಾಪಸ್ ಬಂದಿದೆ."

"ಸಾಧು!" ಎಂದು ಜನರೆಲ್ಲ ಉದ್ಗರಿಸಿದರು. ಆಚಾರ್ ನೊಪ್ ಅವರ ಮುಖವು ಅರಳಿತು. ಅರ್ಧ ಅರಳಿದಲ್ಲೇ ನಿಂತಿತು. ಸೂತ್ರದ ಮಹಿಮೆಯನ್ನು ಅಲ್ಲಗಳೆದರೆ ಧರ್ಮದ್ರೋಹ. ಒಪ್ಪಿದರೆ ಎಂಬತ್ತು ಗಡಿಗೆ ಮದ್ಯದ ಪುಣ್ಯವೋ ಪಾಪವೋ ತಮ್ಮ ತಲೆಗೆ. ಅವರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕಡೆಗೆ ಊದುಬತ್ತಿಯ ಬೂದಿಯನ್ನು ಬಹಳ ಶ್ರದ್ಧೆಯಿಂದ ಗುಡಿಸತೊಡಗಿದರು. ಮುಂದಿನ ವಾರ ಮೂವರು ಭಟ್ಟಿಯವರು ಗಡಿಗೆಗಳನ್ನು ಹೊತ್ತು ಸೂತ್ರ ಹೇಳಿಸಲು ಅವರ ಮನೆಗೆ ಬಂದಾಗ ಅವರು ಹಿತ್ತಿಲ ಬಾಗಿಲಿನಿಂದ ಹೊರಟು ತಂಗಿಯ ಊರಿಗೆ ಹೋದರಂತೆ.

"ಆದ್ರೆ ಹೆಪ್ಪಿಗೆ ಭಯ ಹತ್ತಿದೆ," ಎಂದು ಅಜ್ಜಿ ಮುಂದುವರಿಸಿದಳು. "ಇನ್ನು ಮೇಲೆ ಎರಡು ದಿನ ಸಾಲದು. ತಿಂಗಳಲ್ಲಿ ಐದು ದಿನ ಮೆತ್ತಗೆ ಮಾತಾಡ್ಬೇಕು. ದಿನಾ ಯಾರಾದ್ರೂ ಬಂದು ಕೂತ್ಕೊಂಡು ಒಳ್ಳೇ ಮಾತು ಆಡ್ತಿರಬೇಕು ಅದರ ಮುಂದೆ. ಏಯ್ ಸೆಮ್, ಅಲ್ಲೇನು ಕೊಳಕ್ಕೆ ಹಾರೋ ಕಪ್ಪೆ ಥರ ಕೂತಿದ್ದೀಯ? ಬಾ ಇಲ್ಲಿ. ಮದುವೆಗೆ ಎಂಟು ಹಂಡೆ ಸಾರು ನೀನೇ ಮಾಡ್ಬೇಕು. ಚಿಗುರು ಮಾತ್ರ ಅರ್ಧ ಹಾಕು. ಅತಿಥಿಗಳಿಗೆ ಹಲ್ಲು ಬೇಕು."

ಮದುವೆಯ ದಿನ ಚಪ್ಪರದ ನಡುವೆ ಸಾರುನ್ ತಾತನನ್ನು ಕೂರಿಸಿದರು. ಕೆಸೊರ್ ಮಂಡಿಯೂರಿ ಬಟ್ಟಲನ್ನು ಎರಡೂ ಕೈಗಳಿಂದ ನೀಡಿದಳು. ಮುದುಕನು ಮೊದಲು ಮೂಸಿದನು, ಅಲುಗಾಡಿಸಿದನು, ಕಿವಿಯ ಬಳಿ ಹಿಡಿದು ಆಲಿಸಿದನು. ಕುಡಿದು ಕಣ್ಣು ಮುಚ್ಚಿದನು. ಬಹಳ ಹೊತ್ತು ತೆರೆಯಲಿಲ್ಲ. ತೀರಿಹೋದನೋ ಎಂದು ಅವನ ಮಗ ಬಗ್ಗಿ ನೋಡಿದನು. ಆಗ ಮುದುಕನು ಖಾಲಿ ಬಟ್ಟಲನ್ನು ಮತ್ತೆ ಮುಂದಕ್ಕೆ ಚಾಚಿ, ಒದ್ದೆಯಾದ ಕಣ್ಣುಗಳಿಂದ ಸೊಖೊಮ್ ಅಜ್ಜಿಯ ಕಡೆಗೆ ನೋಡಿ, ಇನ್ನೂರು ಜನರಿಗೂ ಕೇಳುವಂತೆ ಹೇಳಿದನು:

"ಎಪ್ಪತ್ತು ವರ್ಷದಿಂದ ಕುಡೀತಾ ಇದ್ದೀನಿ. ಇದು ಸುಳ್ಳು ಹೇಳಲ್ಲ. ಈ ಹೆಪ್ಪು ಕಟ್ಟಿದ ತಾಯಿ ಜನ್ಮದಲ್ಲಿ ಯಾರಿಗೂ ಒಂದು ಗಟ್ಟಿ ಮಾತು ಆಡಿಲ್ಲ!"

ತ್ರಪೆಯಾಂಗ್ ಸ್ವಾಯ್ ಗ್ರಾಮದವರೆಲ್ಲರಿಗೂ ಅದೇ ಕ್ಷಣದಲ್ಲಿ ಕೆಮ್ಮು ಬಂದಿತು. ಸೆಮ್ ಅಜ್ಜಿಗೆ ಸಾರು ಮೂಗಿಗೇರಿ, ತೋಲ್ ಅವಳ ಬೆನ್ನನ್ನು ಗುದ್ದಬೇಕಾಯಿತು. ಸೊಖೊಮ್ ಅಜ್ಜಿಯೊಬ್ಬಳೇ ಕೈಗಳನ್ನು ಜೋಡಿಸಿ, ಕಣ್ಣನ್ನು ನೆಲಕ್ಕಿಳಿಸಿ, "ಎಲ್ಲಾ ತಮ್ಮ ಆಶೀರ್ವಾದ," ಎಂದಳು. ಹಾಗೆನ್ನುತ್ತಲೇ ಮೇಜಿನ ಕೆಳಗೆ ತೋಲ್‌ನ ಕಾಲನ್ನು ಬಲವಾಗಿ ತುಳಿದಳು.